ಮೂವತ್ತಾರು ತಿಂಗಳ ಲೆಕ್ಕ: ಸೇನೆ ಬಿಟ್ಟು ಬಂದ ಹುಡುಗನ ಪೈಲಟ್ ಓದು

ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂವರೆ ವರ್ಷದಿಂದ ಒಂದು ಎಕ್ಸೆಲ್ ಹಾಳೆ ಇದೆ. ಅದರಲ್ಲಿ ಮೊದಲಿಗೆ ಇದ್ದದ್ದು ಮೂರೇ ಕಾಲಮ್ಮು: ಡಾಲರ್, ಗಂಟೆ, ತಿಂಗಳು. ಮೊದಲನೆಯದು ಖರ್ಚು. ಎರಡನೆಯದು ಅಕ್ಕನ ಮಗ ವಿಮಾನ ಹಾರಿಸಿದ ಹೊತ್ತು. ಮೂರನೆಯದು ಅಮೆರಿಕದ ಸರ್ಕಾರ ಅವನಿಗೆ ಕೊಟ್ಟ ಶಿಕ್ಷಣ ಸೌಲಭ್ಯದಲ್ಲಿ ಇನ್ನೆಷ್ಟು ಉಳಿದಿದೆ ಅನ್ನುವುದು. ಶುರುವಿನಲ್ಲಿ ನನ್ನ ಕಣ್ಣು ಮೊದಲ ಕಾಲಮ್ಮಿನ ಮೇಲೇ ಇತ್ತು. ಈಗ ಹಾಳೆ ತೆರೆದರೆ ಮೂರನೆಯದನ್ನು ಮೊದಲು ನೋಡುತ್ತೇನೆ. ಈ ಬುದ್ಧಿ ಬರುವುದಕ್ಕೆ ಮುಂಚೆ ಏನೇನಾಯಿತು ಅನ್ನುವುದನ್ನು ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಬೇಡ ಎಂದಿದ್ದಾನೆ.

ಅವನು ಇಲ್ಲೇ, ಅಮೆರಿಕದಲ್ಲೇ, ಹುಟ್ಟಿ ಬೆಳೆದವನು. ಅಕ್ಕ ಭಾವ ಹಾಸನದ ಕಡೆಯವರು. ಹೈಸ್ಕೂಲು ಮುಗಿಸಿ ಎಲ್ಲರ ಮಕ್ಕಳ ಹಾಗೆ ಕಂಪ್ಯೂಟರ್ ಸೈನ್ಸಿಗೆ ಹೋಗದೆ 2019ರಲ್ಲಿ ಸೇನೆ ಸೇರುತ್ತೇನೆ ಎಂದಾಗ ಆ ಮನೆಯಲ್ಲಿ ಒಂದು ವಾರ ಒಲೆ ಹಚ್ಚಲಿಲ್ಲ ಅನ್ನುವುದೊಂದು ಬಾಕಿ. ನಾಲ್ಕು ವರ್ಷ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ರಿಪೇರಿ ಮಾಡಿದ. 2023ರ ಮೇ ತಿಂಗಳಲ್ಲಿ ಹೊರಗೆ ಬಂದ. ಇನ್ನೊಬ್ಬರು ಹಾರಿಸುವುದಕ್ಕೆ ನಾನು ನಟ್ಟು ಬಿಗಿದದ್ದು ಸಾಕು, ಇನ್ನು ನಾನೇ ಹಾರಿಸುತ್ತೇನೆ ಅನ್ನುವುದು ಅವನ ಹಟ.

ಮೂವತ್ತಾರು ತಿಂಗಳಿಗಿಂತ ಹೆಚ್ಚು ಸಕ್ರಿಯ ಸೇವೆ ಮಾಡಿದ್ದರಿಂದ ಅವನಿಗೆ ಜಿಐ ಬಿಲ್, ಅಂದರೆ ಸೇನೆ ಬಿಟ್ಟವರ ಓದಿಗೆ ಸರ್ಕಾರ ದುಡ್ಡು ಕೊಡುವ ಸೌಲಭ್ಯ, ನೂರಕ್ಕೆ ನೂರು. ಇದು 2009ರ ಆಗಸ್ಟ್ 1ರಿಂದ ಜಾರಿಗೆ ಬಂದ ಹೊಸ ರೂಪದ್ದು, ಇಲ್ಲಿನವರು ಪೋಸ್ಟ್ 9/11 ಅನ್ನುತ್ತಾರೆ. ಮೂಲ ಜಿಐ ಬಿಲ್‌ಗೆ ರೂಸ್‌ವೆಲ್ಟ್ ಸಹಿ ಹಾಕಿದ್ದು 1944ರ ಜೂನ್ 22ರಂದು. ಈಗಿನ ಸೌಲಭ್ಯ ಮೂವತ್ತಾರು ತಿಂಗಳ ಓದಿಗೆ. ಅವನು ಸೇವೆ ಬಿಟ್ಟದ್ದು 2013ರ ಜನವರಿ 1ರ ನಂತರವಾದ್ದರಿಂದ ಇಂತಿಷ್ಟು ವರ್ಷದೊಳಗೆ ಮುಗಿಸಬೇಕು ಅನ್ನುವ ಗಡುವೂ ಇಲ್ಲ.

ಹೊಳೆಯುವ ಫೈಲು

ಆ ಜೂನ್‌ನ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ವಿಮಾನ ಶಾಲೆಯ ಹೊಳೆಯುವ ಫೈಲು. ಅಡುಗೆಮನೆಯ ಮೇಜಿನ ಮೇಲೆ ಬಿಸಿಬೇಳೆಬಾತಿನ ತಟ್ಟೆ ಪಕ್ಕಕ್ಕೆ ಸರಿಸಿ ಹರಡಿದ.

"ಮಾವ, ಸೈನ್ ಹಾಕೋದೊಂದೇ ಬಾಕಿ. ಒಂದ್ಸಲ ನೋಡ್ಬಿಡಿ."

ಏನೂ ಬಾರದವನನ್ನು ಒಂಬತ್ತು ತಿಂಗಳಲ್ಲಿ ಕಮರ್ಷಿಯಲ್ ಪೈಲಟ್ ಮಾಡಿ ಕೊಡುವ ಕೋರ್ಸು. 92,000 ಡಾಲರ್. ಮೊದಲ ಪುಟದಲ್ಲೇ ಬಾವುಟದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ "ಜಿಐ ಬಿಲ್ ಸ್ವೀಕರಿಸುತ್ತೇವೆ."

ನಾನು ಅಕೌಂಟೆಂಟು. ಸ್ವೀಕರಿಸುತ್ತೇವೆ ಅನ್ನುವ ಮಾತು ನೋಡಿದ ಕೂಡಲೇ ನನಗೆ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಅಂಟಿಸಿದ ಕ್ರೆಡಿಟ್ ಕಾರ್ಡಿನ ಸ್ಟಿಕ್ಕರ್ ನೆನಪಾಗುತ್ತದೆ. "ತಗೋತೀವಿ ಅಂದ್ರೆ ಪೂರ್ತಿ ಸಾಲುತ್ತೆ ಅಂತಲ್ಲ ಕಣೋ" ಅಂದೆ. ಫೋನಿನಲ್ಲಿ ಮಾತಾಡಿದ ಹೆಣ್ಣುಮಗಳು ಎಲ್ಲಾ ಕವರ್ ಆಗುತ್ತೆ ಎಂದಳಂತೆ. ಬರವಣಿಗೆಯಲ್ಲಿ ಎಲ್ಲೂ ಹಾಗೆ ಇರಲಿಲ್ಲ.

ಅವತ್ತು ರಾತ್ರಿ ಹನ್ನೆರಡರವರೆಗೆ ಕೂತು ನಿಯಮ ಓದಿದೆವು. ಸಣ್ಣ ವಿಮಾನ ಅದೇ, ಕಲಿಸುವ ಮೇಷ್ಟ್ರು ಅವರೇ, ರನ್‌ವೇ ಅದೇ. ಆದರೂ ಸರ್ಕಾರ ಕೊಡುವ ದುಡ್ಡು ನೀನು ಯಾವ ಬಾಗಿಲಿನಿಂದ ಒಳಗೆ ಹೋದೆ ಅನ್ನುವುದರ ಮೇಲೆ ನಿಂತಿದೆ. ಡಿಗ್ರಿ ಇಲ್ಲದ ಬರೀ ವಿಮಾನ ಶಾಲೆಗೆ ಸೇರಿದರೆ ವರ್ಷಕ್ಕೆ ಒಂದು ಮಿತಿ. 2011ರ ಅಕ್ಟೋಬರ್‌ನಲ್ಲಿ ಈ ಬಾಗಿಲು ಮೊದಲು ತೆರೆದಾಗ ಅದು 10,000 ಡಾಲರ್ ಇತ್ತು, 2023-24ಕ್ಕೆ 15,497 ಡಾಲರ್ ಆಗಿತ್ತು. ಖಾಸಗಿ ವಿಶ್ವವಿದ್ಯಾಲಯಕ್ಕೆ ಡಿಗ್ರಿಗೆಂದು ಸೇರಿದರೆ ಆ ವರ್ಷದ ಮಿತಿ 27,120 ಡಾಲರ್ ಇತ್ತು. ಅದಕ್ಕೂ ಮೇಲಾದದ್ದನ್ನು ಯೆಲ್ಲೋ ರಿಬ್ಬನ್ ಅನ್ನುವ ವ್ಯವಸ್ಥೆಯಲ್ಲಿ ಕಾಲೇಜು ಒಂದಷ್ಟು ಬಿಟ್ಟುಕೊಟ್ಟರೆ ಸರ್ಕಾರವೂ ಅಷ್ಟೇ ಹಾಕುತ್ತದೆ, ಆದರೆ ಅದು ಕಾಲೇಜಿನ ಇಷ್ಟ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಕ್ಕೆ ಡಿಗ್ರಿಗೆ ಸೇರಿದರೆ ಸ್ಥಳೀಯ ವಿದ್ಯಾರ್ಥಿಗೆ ಇರುವ ಫೀಸು ಪೂರ್ತಿ. ವಿಮಾನ ಹಾರಾಟ ಆ ಡಿಗ್ರಿಯ ಕಡ್ಡಾಯ ಪಾಠವಾಗಿದ್ದರೆ ಅದರ ಫೀಸೂ ಅದರೊಳಗೇ ಬರುತ್ತದೆ.

ಮೊದಲ ಬಾಗಿಲಿಗೆ ಇನ್ನೊಂದು ಹೊಸ್ತಿಲಿದೆ, ಫೈಲಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು, ಜೊತೆಗೆ ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ. ಆ ಮೊದಲ ಲೈಸೆನ್ಸಿಗೆ ಸರ್ಕಾರ ಒಂದು ಕಾಸೂ ಕೊಡುವುದಿಲ್ಲ. ಯಾಕೆ ಎಂದು ಹುಡುಗ ಸಿಟ್ಟಾದ. ಕಾರಣ ಹಳೆಯದು. ಎರಡನೇ ಮಹಾಯುದ್ಧ ಮುಗಿದು ಬಂದವರು ಜಿಐ ಬಿಲ್ ದುಡ್ಡಿನಲ್ಲಿ ವಿಮಾನ ಕಲಿಯಲು ಮುಗಿಬಿದ್ದರು, ಊರೂರಿಗೆ ಶಾಲೆಗಳೆದ್ದವು. ಶೋಕಿಗೆ ಕಲಿಯುವುದಕ್ಕೆಲ್ಲ ಸರ್ಕಾರ ಯಾಕೆ ದುಡ್ಡು ಕೊಡಬೇಕು ಎಂದು 1948ರಲ್ಲೇ ಕಾಂಗ್ರೆಸ್ಸು, ಅಂದರೆ ಇಲ್ಲಿನ ಸಂಸತ್ತು, ಕಡಿವಾಣ ಹಾಕಿತು. ಆ ಅನುಮಾನ ಇವತ್ತಿಗೂ ಕಾನೂನಿನಲ್ಲಿ ಉಳಿದಿದೆ: ಪ್ರೈವೇಟ್ ಲೈಸೆನ್ಸ್ ಅಂದರೆ ಹವ್ಯಾಸ, ಅದರ ನಂತರದ್ದು ಉದ್ಯೋಗ. ಡಿಗ್ರಿಯೊಳಗೆ ಕಡ್ಡಾಯ ಪಾಠವಾಗಿ ಬಂದರೆ ಮಾತ್ರ ಆ ಹವ್ಯಾಸಕ್ಕೂ ವಿದ್ಯೆಯ ಮರ್ಯಾದೆ.

ಲೆಕ್ಕ ಹಾಕಿದೆ. ಮಿತಿ ಲೆಕ್ಕವಾಗುವುದು ಆಗಸ್ಟ್ 1ರಿಂದ ಜುಲೈ 31ರವರೆಗಿನ ವರ್ಷಕ್ಕೆ. ಕೋರ್ಸು ಆ ಗಡಿ ದಾಟುವ ಹಾಗೆ ದಿನ ಹೊಂದಿಸಿಕೊಂಡರೆ ಎರಡು ವರ್ಷದ ಮಿತಿ ಸಿಗುತ್ತದೆ, ಸೇನೆಯಿಂದ ಬಂದವರ ನಡುವೆ ಇದು ಗೊತ್ತಿರುವ ಉಪಾಯ. ಹಾಗೆ ಮಾಡಿದರೂ ಬರುವುದು ಸುಮಾರು 31,000. ಉಳಿದ 61,000 ಸಾಲ. ಇದರ ಮೇಲೆ, ಬರೀ ವಿಮಾನ ಶಾಲೆಯಾದರೆ ಮನೆಬಾಡಿಗೆ ಭತ್ಯೆಯೂ ಇಲ್ಲ, ಪುಸ್ತಕದ ದುಡ್ಡೂ ಇಲ್ಲ. ಡಿಗ್ರಿಯ ದಾರಿಯಲ್ಲಿ ಕಾಲೇಜಿರುವ ಊರಿನ ಬಾಡಿಗೆಗೆ ತಕ್ಕಂತೆ, ಸಂಸಾರವಿರುವ ಸಾರ್ಜೆಂಟನಿಗೆ ಎಷ್ಟೋ ಅಷ್ಟು ಭತ್ಯೆ ಪ್ರತಿ ತಿಂಗಳೂ ಬರುತ್ತದೆ.

ಆ ಶಾಲೆ ಮೋಸದ್ದು ಎಂದು ನಾನು ಹೇಳುತ್ತಿಲ್ಲ. ಆಗಲೇ ಡಿಗ್ರಿ ಮುಗಿಸಿ ಪ್ರೈವೇಟ್ ಲೈಸೆನ್ಸೂ ಮಾಡಿಕೊಂಡು, ಮೋಡದೊಳಗೂ ಉಪಕರಣ ನೋಡಿಯೇ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗು ಒಂದು, ಕಮರ್ಷಿಯಲ್ ಒಂದು ಬೇಕು ಅನ್ನುವವನಿಗೆ, ಅಥವಾ ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ಈಗ ರೆಕ್ಕೆಯ ವಿಮಾನಕ್ಕೆ ಬದಲಾಗುವವನಿಗೆ ಅದೇ ಸರಿಯಾದ ಬಾಗಿಲು. ಇವನು ಆ ಯಾವ ಪೈಕಿಯೂ ಅಲ್ಲ. ಹುಡುಗ ಫೈಲು ಮುಚ್ಚಿಟ್ಟು ತಣ್ಣಗಾದ ಬಾತು ತಿಂದ.

ಹದಿನೆಂಟನೇ ಪ್ರಶ್ನೆ

ಜುಲೈನಲ್ಲಿ ವೈದ್ಯಕೀಯ ಪರೀಕ್ಷೆ. ವಿಮಾನಯಾನ ಇಲಾಖೆ ನೇಮಿಸಿದ ಡಾಕ್ಟರರ ಬಳಿ ಹೋಗುವ ಮುಂಚೆ ಆನ್‌ಲೈನಿನಲ್ಲಿ ಒಂದು ಫಾರಂ ತುಂಬಬೇಕು. ಅದರ ಹದಿನೆಂಟನೇ ಪ್ರಶ್ನೆ ಒಂದು ದೊಡ್ಡ ಪಟ್ಟಿ: ತಲೆನೋವು, ಹೃದಯದ ತೊಂದರೆ, ಮನಸ್ಸಿನ ತೊಂದರೆ ಎಂದೆಲ್ಲ ಸಾಗಿ ಕೊನೆಯ ಹೊತ್ತಿಗೆ, ಅಂಗವೈಕಲ್ಯದ ಭತ್ಯೆ ಏನಾದರೂ ಪಡೆಯುತ್ತಿದ್ದೀರಾ ಎಂದು ಕೇಳುತ್ತದೆ.

ಇವನು ಪಡೆಯುತ್ತಿದ್ದ. ಸೇನೆ ಬಿಡುವಾಗ ಎಲ್ಲರೂ ಮಾಡುವ ಹಾಗೆ ಮಾಜಿ ಸೈನಿಕರ ಇಲಾಖೆಗೆ, ಇಲ್ಲಿನವರ ಬಾಯಲ್ಲಿ ವಿಎಗೆ, ಅರ್ಜಿ ಹಾಕಿದ್ದ. ಮಂಡಿನೋವು, ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದು, ಜೊತೆಗೆ ಹೊರದೇಶದಿಂದ ಬಂದ ಮೇಲೆ ಒಂದು ಆರು ತಿಂಗಳು ನಿದ್ದೆ ಬಾರದೆ ಆತಂಕವಾಗುತ್ತಿದ್ದದ್ದು. ಮೂರನ್ನೂ ಬರೆಸಿದ್ದ. ಒಂದು ಕಚೇರಿಗೆ ತೊಂದರೆ ಎಷ್ಟಿದೆಯೋ ಅಷ್ಟನ್ನೂ ಹೇಳಿ ಭತ್ಯೆ ಪಡೆಯಬೇಕು, ಇನ್ನೊಂದು ಕಚೇರಿಯ ಮುಂದೆ ಆರೋಗ್ಯವಂತ ಎಂದು ನಿಲ್ಲಬೇಕು. ಈ ಇಕ್ಕಟ್ಟು ಸೇನೆಯಿಂದ ಕಾಕ್‌ಪಿಟ್ಟಿಗೆ ಹೊರಟ ಎಷ್ಟೋ ಜನರದ್ದು.

ಬ್ಯಾರಕ್ಕಿನ ಗೆಳೆಯರು ಮೂರನೆಯದನ್ನು ಬರೆಯಬೇಡ, ಯಾರು ನೋಡುತ್ತಾರೆ ಎಂದರಂತೆ. ಅದೇ ಆಗಸ್ಟ್ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂತು: ವಿಮಾನಯಾನ ಇಲಾಖೆ ಮತ್ತು ವಿಎ ಕಡತಗಳನ್ನು ತಾಳೆ ಹಾಕಿ, ಭತ್ಯೆ ಪಡೆಯುತ್ತಲೇ ಫಾರಂನಲ್ಲಿ ಮುಚ್ಚಿಟ್ಟರು ಎಂದು ಸುಮಾರು 4,800 ಪೈಲಟ್‌ಗಳ ವಿಚಾರಣೆ ನಡೆದಿದೆ ಎಂದು. ಅಷ್ಟರಲ್ಲಿ ಇವನು ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದ. ಡಾಕ್ಟರರು ಒಳ್ಳೆಯವರು, ಆದರೆ ಸಹಿ ಹಾಕುವ ಅಧಿಕಾರ ತನಗಿಲ್ಲ ಎಂದು ಕಡತವನ್ನು ಇಲಾಖೆಯ ವೈದ್ಯಕೀಯ ಕಚೇರಿ ಇರುವ ಒಕ್ಲಹೋಮಾ ಸಿಟಿಗೆ ಕಳಿಸಿದರು. ಅಲ್ಲಿಂದ ಒಂದು ಪತ್ರ, ಅದಕ್ಕೆ ಮನೋವೈದ್ಯರ ವರದಿ, ಮತ್ತೊಂದು ಪತ್ರ. ಪ್ರಮಾಣಪತ್ರ ಕೈಗೆ ಬಂದದ್ದು ನವೆಂಬರ್‌ನಲ್ಲಿ. ವರದಿಗೆ ಆದ 1,800 ಡಾಲರ್ ಮೊದಲ ಕಾಲಮ್ಮಿಗೆ ಹೋಯಿತು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಕಾಲೇಜಿಗೆ ಅರ್ಜಿ ಆಮೇಲೆ, ಮೊದಲು ಡಾಕ್ಟರು. ಸೇನೆ ಬಿಡುವ ಮುಂಚೆಯೇ ಆದರೆ ಇನ್ನೂ ಒಳ್ಳೆಯದು.

ನೂರರಲ್ಲಿ ಎಂಬತ್ತೈದು

ಕಡತ ಒಕ್ಲಹೋಮಾದಲ್ಲಿ ಕೂತಿದ್ದಾಗಲೇ ಇನ್ನೊಂದು ಏಟು ಬಿತ್ತು. ಎರಡು ಗಂಟೆ ದೂರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಡಿಗ್ರಿ. ಪಾಠ ಕಾಲೇಜಿನದು, ಹಾರಾಟ ಗುತ್ತಿಗೆ ಪಡೆದ ಖಾಸಗಿ ಕಂಪನಿಯದು. ಸೀಟು ಸಿಕ್ಕಿತ್ತು, ಬಾಡಿಗೆ ಮನೆಗೆ ಮುಂಗಡವನ್ನೂ ಕೊಟ್ಟಿದ್ದ. ಕ್ಲಾಸಿಗೆ ಎರಡು ವಾರ ಇರುವಾಗ ಕಾಲೇಜಿನ ಸರ್ಟಿಫೈಯಿಂಗ್ ಆಫೀಸರು ಫೋನ್ ಮಾಡಿದರು. ವಿದ್ಯಾರ್ಥಿಯ ದಾಖಲಾತಿಯನ್ನು ವಿಎಗೆ ದೃಢೀಕರಿಸಿ ಕಳಿಸುವವರು ಇವರೇ. ಇವರು ಗುಂಡಿ ಒತ್ತದೆ ಒಂದು ಡಾಲರೂ ಅಲುಗುವುದಿಲ್ಲ. ಆ ಕೋರ್ಸಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಓದುವವರು ನೂರಕ್ಕೆ ಎಂಬತ್ತೈದನ್ನು ದಾಟಿದ್ದಾರೆ, ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ ಎಂದರು.

ಈ ನಿಯಮ 1952ರ ಕೊರಿಯಾ ಯುದ್ಧದ ಕಾಲದ್ದು. ತರ್ಕ ನೇರವಾಗಿದೆ. ನೂರರಲ್ಲಿ ಹದಿನೈದು ಜನವಾದರೂ ಸ್ವಂತ ದುಡ್ಡು ಕೊಟ್ಟು ಸೇರುತ್ತಿದ್ದಾರೆ ಅಂದರೆ ಆ ಕೋರ್ಸಿಗೆ ಪೇಟೆಯಲ್ಲಿ ಬೆಲೆ ಇದೆ, ಫೀಸು ನ್ಯಾಯವಾದದ್ದು. ಎಲ್ಲರೂ ಸರ್ಕಾರಿ ದುಡ್ಡಿನವರೇ ಆದರೆ ಫೀಸನ್ನು ಎಷ್ಟಕ್ಕೆ ಏರಿಸಿದರೂ ಕೇಳುವವರಿಲ್ಲ. 2015ರ ಸುಮಾರಿಗೆ ಹಾಗೇ ಆಯಿತು. ಸರ್ಕಾರಿ ಕಾಲೇಜಿಗೆ ಮಿತಿ ಇಲ್ಲ ಅನ್ನುವುದನ್ನು ಹಿಡಿದು, ಪಶ್ಚಿಮದ ಕೆಲವು ರಾಜ್ಯಗಳಲ್ಲಿ ಸಣ್ಣ ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡ ಹೆಲಿಕಾಪ್ಟರ್ ಕಂಪನಿಗಳು ಬಿಲ್ಲು ಬರೆದವು. ಒಬ್ಬ ವಿದ್ಯಾರ್ಥಿಗೆ ಐದು ಲಕ್ಷ ಡಾಲರ್ ದಾಟಿದ ಉದಾಹರಣೆಗಳನ್ನು ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. ಅಲ್ಲಿಂದ ವಿಎ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಈ ಪ್ರಮಾಣ ಎಣಿಸತೊಡಗಿತು. ಯಾರೋ ತಿಂದರು, ಇವನು ಕೈತೊಳೆದ ಎಂದು ಅಕ್ಕ ಗೊಣಗಿದಳು. ನನಗಂತೂ ನಿಯಮ ಸರಿಯೆನಿಸುತ್ತದೆ. ಎರಡು ವಾರ ಮುಂಚೆ ಹೇಳಿದ್ದು ಮಾತ್ರ ತಪ್ಪು. ಬಾಡಿಗೆಯ ಮುಂಗಡ ವಾಪಸ್ ಬರಲಿಲ್ಲ.

ಕೊನೆಗೆ ಸಿಕ್ಕ ಬಾಗಿಲು, ನನ್ನ ತಪ್ಪು

2024ರ ಜನವರಿಯಲ್ಲಿ ಪಕ್ಕದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ನಾಲ್ಕು ವರ್ಷದ ಏವಿಯೇಷನ್ ಡಿಗ್ರಿಗೆ ಸೇರಿದ. ಹೊರ ರಾಜ್ಯದವನಾದರೂ ತೊಂದರೆ ಇರಲಿಲ್ಲ. 2014ರಲ್ಲಿ ಆದ ಕಾನೂನಿನಂತೆ ಸರ್ಕಾರಿ ಕಾಲೇಜುಗಳು ಜಿಐ ಬಿಲ್‌ನಲ್ಲಿ ಬರುವ ಮಾಜಿ ಸೈನಿಕರಿಗೆ ಸ್ಥಳೀಯರ ಫೀಸನ್ನೇ ಹಾಕಬೇಕು. ಸೇನೆಯಲ್ಲಿದ್ದಾಗ ರಾತ್ರಿ ಹೊತ್ತು ಆನ್‌ಲೈನಿನಲ್ಲಿ ಒಂದೊಂದೇ ವಿಷಯ ಓದಿ 24 ಕ್ರೆಡಿಟ್ ಕೂಡಿಟ್ಟಿದ್ದ. ಅದಕ್ಕೆ ಸೇನೆಯೇ ಕ್ರೆಡಿಟ್ಟಿಗೆ 250 ಡಾಲರ್ ಲೆಕ್ಕದಲ್ಲಿ ಬೇರೆ ದುಡ್ಡು ಕೊಟ್ಟಿತ್ತು, ಜಿಐ ಬಿಲ್ ಮುಟ್ಟಿರಲಿಲ್ಲ. ಅವನು ಮಾಡಿದ ಜಾಣತನದ ಕೆಲಸಗಳಲ್ಲಿ ನನ್ನ ಸಲಹೆ ಇಲ್ಲದೆ ಮಾಡಿದ್ದು ಇದೊಂದೇ ಅನ್ನುತ್ತಿದ್ದೆ. ಈಗ ಹಾಗೆ ಅನ್ನುವ ಧೈರ್ಯ ಇಲ್ಲ.

ಯಾಕೆಂದರೆ ಮುಂದಿನ ತಪ್ಪು ನನ್ನದು.

ಜಿಐ ಬಿಲ್ ಅಂದರೆ ದುಡ್ಡಿನ ಚೀಲವಲ್ಲ, ತಿಂಗಳುಗಳ ಚೀಲ. ಮೂವತ್ತಾರು ತಿಂಗಳು. ಸೆಮಿಸ್ಟರು ನಡೆಯುವ ದಿನಗಳಷ್ಟೇ ಅದರಿಂದ ಕಳೆಯುತ್ತವೆ. ಒಂದು ಸೆಮಿಸ್ಟರಿಗೆ ಹತ್ತಿರ ಹತ್ತಿರ ನಾಲ್ಕು ತಿಂಗಳು, ಬೇಸಿಗೆ ತರಗತಿಗೆ ಎರಡೂವರೆ. ಆ ನಾಲ್ಕು ತಿಂಗಳಲ್ಲಿ ನೀನು ನಲವತ್ತು ಗಂಟೆ ಹಾರು, ನಾಲ್ಕು ಗಂಟೆ ಹಾರು, ಕಳೆಯುವುದು ಅಷ್ಟೇ. ನಾನು ಅಕೌಂಟೆಂಟಿನ ಬುದ್ಧಿ ಓಡಿಸಿ, "ಬೇಸಿಗೇಲಿ ಸುಮ್ನೆ ತಿಂಗಳು ಖರ್ಚು ಮಾಡ್ಬೇಡ, ಉಳಿಸ್ಕೋ, ಕೊನೇಲಿ ಬೇಕಾಗತ್ತೆ" ಅಂದೆ. ಅವನು ಕೇಳಿದ.

ನಾನು ಮರೆತದ್ದು ಫೆಬ್ರವರಿಯನ್ನು. ಆ ಊರಿನಲ್ಲಿ ಚಳಿಗಾಲವೆಂದರೆ ಮೋಡ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಅವನು ಕಲಿಯುವ ಪುಟ್ಟ ವಿಮಾನ ಸೆಸ್ನಾ 172ಕ್ಕೆ ರೆಕ್ಕೆಯ ಮೇಲೆ ಕಟ್ಟುವ ಮಂಜುಗಡ್ಡೆ ಕಳಚಿಕೊಳ್ಳುವ ವ್ಯವಸ್ಥೆ ಇಲ್ಲ, ಮೋಡದೊಳಗೆ ಹೋಗುವಂತಿಲ್ಲ. ಅಡ್ಡಗಾಳಿ ಜೋರಾದರೆ ಕಲಿಯುವವನನ್ನು ಒಂಟಿಯಾಗಿ ಬಿಡುವುದಿಲ್ಲ. 2024ರ ಫೆಬ್ರವರಿಯಲ್ಲಿ ಹದಿನೇಳು ಸಲ ವಿಮಾನ ಕಾದಿರಿಸಿದ್ದ, ಹಾರಿದ್ದು ಆರು ಸಲ.

ಆ ಆರರಲ್ಲಿ ಒಂದು ಬೆಳಿಗ್ಗೆ ನಾನೂ ನೋಡಲು ಹೋಗಿದ್ದೆ. ಏಳೂವರೆ ಗಂಟೆ, ಮೈನಸ್ ಎಂಟು ಡಿಗ್ರಿ. ಅವನು ಒಂದು ಪ್ಲಾಸ್ಟಿಕ್ ಲೋಟ ಹಿಡಿದು ರೆಕ್ಕೆಯ ಕೆಳಗೆ ಒಂದೊಂದೇ ಜಾಗಕ್ಕೆ ಒತ್ತಿ ಇಂಧನ ಇಳಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ನೀರು ಸೇರಿದ್ದರೆ ತಳದಲ್ಲಿ ಮಣಿಯ ಹಾಗೆ ನಿಲ್ಲುತ್ತದಂತೆ. ಇಂಧನ ತಿಳಿನೀಲಿ, ರಂಗೋಲಿಗೆ ಕಲಸಿದ ನೀಲಿಯ ಹಾಗೆ. ಎಡರೆಕ್ಕೆಗೆ ಐದು, ಬಲರೆಕ್ಕೆಗೆ ಐದು, ಮೂತಿಯ ಕೆಳಗೆ ಮೂರು, ಒಟ್ಟು ಹದಿಮೂರು ಕಡೆ. ಪಕ್ಕದ ವಿಮಾನದ ಹುಡುಗ ನಾಲ್ಕು ನೋಡಿ ಒಳಗೆ ಕೂತ. ಇವನು ಹದಿಮೂರನ್ನೂ ನೋಡಿದ. ಕೈಗವಸು ತೆಗೆದ ಬೆರಳು ಕೆಂಪಾಗಿದ್ದವು. ನಾಲ್ಕು ವರ್ಷ ಇನ್ನೊಬ್ಬರ ಜೀವಕ್ಕೆ ನಟ್ಟು ಬಿಗಿದ ಕೈ ಅದು. ಅವತ್ತು ಅವನು ಹಾರಿದ್ದು 1.1 ಗಂಟೆ. ಇಂಜಿನ್ ಓಡಿದ ಹೊತ್ತನ್ನು ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಮೀಟರು ಬರೆಯುತ್ತದೆ, ಲಾಗ್‌ಬುಕ್ಕೂ ಹಾಗೇ, ಬಿಲ್ಲೂ ಹಾಗೇ.

ಮೇ ತಿಂಗಳು ಬರುವಾಗ ಪ್ರೈವೇಟ್ ಲೈಸೆನ್ಸಿನ ಕೋರ್ಸು ಮುಕ್ಕಾಲು ಆಗಿತ್ತು. ನನ್ನ ಮಾತು ಕೇಳಿ ಬೇಸಿಗೆಯಲ್ಲಿ ಹಾರದೆ ಒಂದು ಹ್ಯಾಂಗರಿನಲ್ಲಿ ಮೆಕ್ಯಾನಿಕ್ ಕೆಲಸ ಮಾಡಿದ. ಆಕಾಶ ಮೂರು ತಿಂಗಳು ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆಗಸ್ಟಿನಲ್ಲಿ ಮತ್ತೆ ಕೂತಾಗ ಕೈ ಮರೆತಿತ್ತು. ಲ್ಯಾಂಡಿಂಗನ್ನು ಮೊದಲಿನಿಂದ ತಿದ್ದಬೇಕಾಯಿತು. ಇಂಥ ಅನುಮೋದಿತ ಶಾಲೆಗೆ ಕಾನೂನಿನ ಕನಿಷ್ಠ 35 ಗಂಟೆ, ಆ ಕೋರ್ಸಿಗೆ ಅನುಮೋದನೆಯಾಗಿದ್ದದ್ದು 50. ಇವನಿಗೆ ಹಿಡಿದದ್ದು 58. ಅನುಮೋದನೆಗಿಂತ ಮೇಲಿನ ಗಂಟೆಗೆ ವಿಎ ದುಡ್ಡು ಕೊಡುವುದಿಲ್ಲ. ಎಂಟು ಗಂಟೆಗೆ 2,080 ಡಾಲರ್ ಜೇಬಿನಿಂದ. ಲೈಸೆನ್ಸ್ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಆರು ತಿಂಗಳ ಸೌಲಭ್ಯ ಕಳೆದಿತ್ತು.

ಅವತ್ತು ಎಕ್ಸೆಲ್ ಹಾಳೆಗೆ ನಾಲ್ಕನೆಯ ಕಾಲಮ್ಮು ಸೇರಿಸಿದೆ: ಒಂದು ತಿಂಗಳ ಸೌಲಭ್ಯಕ್ಕೆ ಎಷ್ಟು ಗಂಟೆ ಹಾರಾಟ. ಚಳಿಗಾಲದ ಸೆಮಿಸ್ಟರಿನಲ್ಲಿ ಎಂಟೋ ಒಂಬತ್ತೋ ಬರುತ್ತಿತ್ತು. 2025ರ ಬೇಸಿಗೆಯಲ್ಲಿ ತರಗತಿಗೆ ಸೇರಿದ. ಎರಡೂವರೆ ತಿಂಗಳಲ್ಲಿ ನಲವತ್ತು ಗಂಟೆ ಹಾರಿ ಇನ್‌ಸ್ಟ್ರುಮೆಂಟ್ ರೇಟಿಂಗ್ ಮುಗಿಸಿದ, ಅಂದರೆ ತಿಂಗಳಿಗೆ ಹದಿನಾರು. ನಾನು ಉಳಿಸು ಎಂದದ್ದು ಚೀಲದಲ್ಲಿದ್ದ ಅತ್ಯಂತ ಬೆಲೆಬಾಳುವ ತಿಂಗಳುಗಳನ್ನೇ.

ಇದರ ಜೊತೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಯಾವ ಬ್ರೋಷರಿನಲ್ಲೂ ಇರುವುದಿಲ್ಲ: ಪರೀಕ್ಷೆ ತೆಗೆದುಕೊಳ್ಳುವವರು ಯಾರು? ಹೊರಗಿನ ಪರೀಕ್ಷಕರು ಬರಬೇಕಾದ ಶಾಲೆಗಳಲ್ಲಿ ದಿನ ಸಿಗಲು ವಾರಗಟ್ಟಲೆ ಕಾಯಬೇಕು, ಅಷ್ಟು ದಿನ ಕೈ ತುಕ್ಕು ಹಿಡಿಯುತ್ತದೆ. ಕೆಲವು ಶಾಲೆಗಳಿಗೆ ತಮ್ಮ ವಿದ್ಯಾರ್ಥಿಗಳನ್ನು ತಾವೇ ಪರೀಕ್ಷಿಸುವ ಅಧಿಕಾರವನ್ನು ವಿಮಾನಯಾನ ಇಲಾಖೆ ಕೊಟ್ಟಿದೆ. ಇವನ ವಿಶ್ವವಿದ್ಯಾಲಯಕ್ಕೆ ಇನ್‌ಸ್ಟ್ರುಮೆಂಟ್ ಕೋರ್ಸಿಗೆ ಅದಿದೆ. ಪಾಠ ಮುಗಿದ ನಾಲ್ಕನೇ ದಿನ ಪರೀಕ್ಷೆ ಆಯಿತು.

ಜಕ್ಕೂರಿನ ಲೆಕ್ಕ

ಊರಿನಿಂದ ಭಾವನ ತಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದರು. ಅವರ ಮನೆ ಜಕ್ಕೂರಿನ ಹತ್ತಿರ, ಸರ್ಕಾರಿ ವಿಮಾನ ಶಾಲೆಯ ಪುಟ್ಟ ವಿಮಾನಗಳನ್ನು ನೋಡಿಕೊಂಡೇ ಬದುಕಿದವರು. "ನಮ್ಮಲ್ಲಿ ಇನ್ನೂರು ಗಂಟೆಗೆ ಕಮರ್ಷಿಯಲ್ ಲೈಸೆನ್ಸು ಕೊಡ್ತಾರೆ, ಏರ್‌ಲೈನಿಗೂ ತಗೋತಾರೆ. ನಿಮ್ಮಲ್ಲೇನು ಸಾವಿರ ಗಂಟೆ ಅಂತೀರಲ್ಲ?"

ಪ್ರಶ್ನೆ ಸರಿಯಾಗೇ ಇತ್ತು. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಮನೆಯೊಂದರ ಮೇಲೆ ಬಿದ್ದು ಐವತ್ತು ಜನ ಸತ್ತ ಮೇಲೆ ಕಾನೂನು ಬದಲಾಯಿತು. 2013ರಿಂದ ಇಲ್ಲಿ ಏರ್‌ಲೈನಿನ ಬಲಸೀಟಿಗೂ, ಅಂದರೆ ಸಹಪೈಲಟ್ ಆಗುವುದಕ್ಕೂ, 1,500 ಗಂಟೆ ಬೇಕು. ಅದರಲ್ಲಿ ರಿಯಾಯಿತಿಗಳಿವೆ. ಸೇನೆಯಲ್ಲಿ ಪೈಲಟ್ ಆಗಿದ್ದವರಿಗೆ 750 ಸಾಕು, ಮೆಕ್ಯಾನಿಕ್ಕಿಗೆ ಅದು ಅನ್ವಯಿಸುವುದಿಲ್ಲ. ಒಪ್ಪಿಗೆ ಪಡೆದ ವಿಶ್ವವಿದ್ಯಾಲಯದಲ್ಲಿ ಏವಿಯೇಷನ್ ವಿಷಯಗಳ 60 ಕ್ರೆಡಿಟ್ಟಿನೊಂದಿಗೆ ನಾಲ್ಕು ವರ್ಷದ ಡಿಗ್ರಿ ಮಾಡಿದವರಿಗೆ 1,000. ಎರಡು ವರ್ಷದ ಡಿಗ್ರಿಗೆ 1,250. ಇನ್‌ಸ್ಟ್ರುಮೆಂಟ್ ಮತ್ತು ಕಮರ್ಷಿಯಲ್ ಎರಡನ್ನೂ ಆ ವಿಶ್ವವಿದ್ಯಾಲಯದ ಜೊತೆಗಿರುವ ಶಾಲೆಯಲ್ಲೇ ಮಾಡಿರಬೇಕು. ಆ ಹೊಳೆಯುವ ಫೈಲಿನ ಶಾಲೆಗೆ ಸಹಿ ಹಾಕಿದ್ದರೆ ಅರವತ್ತು ಸಾವಿರ ಸಾಲದ ಮೇಲೆ ಈ ಐನೂರು ಗಂಟೆಯ ರಿಯಾಯಿತಿಯೂ ಕೈತಪ್ಪುತ್ತಿತ್ತು. ಐನೂರು ಗಂಟೆ ಅಂದರೆ, ಮೇಷ್ಟ್ರಾಗಿ ಬೇರೆಯವರಿಗೆ ಕಲಿಸುತ್ತ ಗಂಟೆ ಕೂಡಿಸಿಕೊಳ್ಳುವವನಿಗೆ ಹೆಚ್ಚುಕಡಿಮೆ ಒಂದು ವರ್ಷ.

ಡಿಗ್ರಿ ಮುಗಿಯುವಾಗ ಇವನ ಬಳಿ ಇನ್ನೂರೈವತ್ತರ ಆಸುಪಾಸು ಗಂಟೆ ಇರುತ್ತದೆ. ಉಳಿದದ್ದನ್ನು ಕಲಿಸಿಯೇ ಸಂಪಾದಿಸಬೇಕು. ಆದ್ದರಿಂದ ಮೇಷ್ಟ್ರ ರೇಟಿಂಗನ್ನೂ ಜಿಐ ಬಿಲ್ ಮುಗಿಯುವುದರೊಳಗೆ ಮಾಡಿಕೊಳ್ಳಬೇಕು. ನನ್ನ ಹಾಳೆಯಲ್ಲಿ ಅದಕ್ಕೆ ಹಸಿರು ಬಣ್ಣ ಹಚ್ಚಿದ್ದೇನೆ.

ಈ ಡಿಸೆಂಬರ್‌ನಲ್ಲಿ ಲೆಕ್ಕ ಹೀಗಿದೆ. ಲಾಗ್‌ಬುಕ್ಕಿನಲ್ಲಿ 163.4 ಗಂಟೆ. ವಿಎ ವೆಬ್‌ಸೈಟಿನಲ್ಲಿ ಉಳಿದಿರುವುದು 17 ತಿಂಗಳು 14 ದಿನ. ಜೇಬಿನಿಂದ ಹೋದದ್ದು ಒಟ್ಟು 6,300 ಡಾಲರ್ ಚಿಲ್ಲರೆ, ಅದರಲ್ಲಿ ಒಂದು ಸಾವಿರ ಆ ಬಾಡಿಗೆ ಮನೆಯ ಮುಂಗಡ. ಸಾಲ ಇಲ್ಲ. ತಿಂಗಳ ಕೊನೆಗೆ ವಿಎಯಿಂದ ಫೋನಿಗೆ ಒಂದು ಮೆಸೇಜು ಬರುತ್ತದೆ, ಇನ್ನೂ ಓದುತ್ತಿದ್ದೀಯಾ ಎಂದು. ಹೌದು ಎಂದು ಉತ್ತರ ಕೊಡಬೇಕು. ಸತತ ಎರಡು ತಿಂಗಳು ಮರೆತರೆ ಬಾಡಿಗೆ ಭತ್ಯೆ ನಿಲ್ಲುತ್ತದೆ. ಒಂದು ಸಲ ಮರೆತಿದ್ದ. ಈಗ ಆ ದಿನ ಅಕ್ಕನೂ ಫೋನ್ ಮಾಡುತ್ತಾಳೆ.

2026ರ ಬೇಸಿಗೆಯನ್ನೂ ಬಳಸಿಕೊಂಡು 2027ರ ಮೇ ತಿಂಗಳಿಗೆ ಡಿಗ್ರಿ ಮುಗಿಸಿದರೆ ಮೂರು ತಿಂಗಳು ಮಿಗುತ್ತದೆ. ಅದನ್ನು ಎರಡು ಇಂಜಿನ್ ವಿಮಾನದ ಮೇಷ್ಟ್ರ ರೇಟಿಂಗಿಗೆ ಹಾಕಬೇಕು ಎಂದು ಅವನ ಆಸೆ. ಅಕ್ಕನ ಕಣ್ಣು ಬೇರೆಡೆ ಇದೆ. ಸೇನೆ ಸೇರಿದ ಮೊದಲ ವರ್ಷ ತಿಂಗಳಿಗೆ ನೂರರಂತೆ 1,200 ಡಾಲರನ್ನು ಹಳೆಯ ಜಿಐ ಬಿಲ್ ಲೆಕ್ಕಕ್ಕೆ ಸಂಬಳದಿಂದ ಹಿಡಿದಿದ್ದರು. ಅದು ವಾಪಸ್ ಬರುವುದು ಹೊಸ ಸೌಲಭ್ಯದ ಕೊನೆಯ ದಿನದವರೆಗೂ ಬಳಸಿ ಮುಗಿಸಿದರೆ ಮಾತ್ರ, ಅದೂ ಆಗ ಬಾಡಿಗೆ ಭತ್ಯೆ ಪಡೆಯುತ್ತಿದ್ದರೆ.

"ಅಲ್ಲ ಕಣೋ, ಮೂರು ತಿಂಗಳು ಮಿಗಿಸಿ ಅವರಿಗ್ಯಾಕೆ ಬಿಟ್ಕೊಡ್ಬೇಕು? ಏನಾದ್ರೂ ಓದು ಅಂತ ಹೇಳು. ಸಂಸ್ಕೃತವಾದ್ರೂ ಓದಲಿ" ಎಂದು ಮೊನ್ನೆ ನನ್ನನ್ನೇ ಗದರಿದಳು. ಆ ಸಾಲನ್ನೂ ಹಾಳೆಗೆ ಸೇರಿಸಿದ್ದೇನೆ.